ಸೂಜಿಯ ಮೂರನೆಯ ತುಂಡು

ಕೆಲಸ ಬಿಟ್ಟು ವರ್ಷಗಳಾದರೂ ಬೀದಿಯವರ ಬಾಯಲ್ಲಿ ಆಕೆ ಇನ್ನೂ ಸೂಪರ್‌ವೈಸರಮ್ಮನೇ. ತರಕಾರಿ ಗಾಡಿಯವನು ಹಾಗೆ ಕರೆಯುತ್ತಾನೆ, ಎದುರುಮನೆಯ ಟೀಚರು ಹಾಗೆ ಕರೆಯುತ್ತಾರೆ, ಕಡೆಗೆ ಕೈಹಿಡಿದ ಯಜಮಾನರೂ ಹಾಗೆಯೇ ಕರೆಯುತ್ತಾರೆ. ಯಜಮಾನರು ಕರೆಯುವಾಗ ಮಾತ್ರ ಅದರಲ್ಲಿ ಒಂದಿಷ್ಟು ಉಪ್ಪುಖಾರ ಬೆರೆತಿರುತ್ತದೆ.

ಗಾರ್ಮೆಂಟ್ಸ್ ಫ್ಯಾಕ್ಟರಿಗೆ ಸೇರಿದ ಹೊಸತರಲ್ಲಿ ಆಕೆಗೆ ಸಿಕ್ಕಿದ್ದು ಕಾಲರ್ ಹಚ್ಚುವ ಕೆಲಸ. ಕಾಲರ್ ಎಂದರೆ ಕಾಲರ್ ಅಷ್ಟೇ. ತೋಳು ಹಚ್ಚುವವಳು ಬೇರೆ, ಜೇಬು ಹಚ್ಚುವವಳು ಬೇರೆ, ಗುಂಡಿ ಹಾಕುವವಳು ಇನ್ನೂ ಬೇರೆ. ಲೆಕ್ಕವಿಲ್ಲದಷ್ಟು ಕಾಲರ್ ಹಚ್ಚಿದ ಆ ಕೈ ಒಂದೇ ಒಂದು ಇಡೀ ಅಂಗಿಯನ್ನು ಹೊಲಿದಿರಲಿಲ್ಲ. ಮನೆಯಲ್ಲಿ ಹೊಲಿಯೋಣವೆಂದರೆ ಮನೆಯಲ್ಲಿ ಮಷೀನೇ ಇರಲಿಲ್ಲ. ಮುಂದೆ ಸೂಪರ್‌ವೈಸರ್ ಆಗಿ ಮಷೀನುಗಳ ಸಾಲಿನ ತುದಿಯಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತ ಮೇಲೂ ಆ ಕೊರಗು ಹಾಗೇ ಉಳಿದಿತ್ತು.

ಆ ಸಾಲಿನಲ್ಲಿ ಒಂದು ಕಟ್ಟುನಿಟ್ಟು ಇತ್ತು. ಸೂಜಿ ಮುರಿದರೆ, ಮುರಿದ ತುಂಡುಗಳೆಲ್ಲ ಸಿಗುವ ತನಕ ಮಷೀನು ಓಡುವ ಹಾಗಿಲ್ಲ. ತುಂಡುಗಳನ್ನು ಒಂದರ ಪಕ್ಕ ಒಂದಿಟ್ಟು ಸೂಜಿ ಪೂರ್ತಿಯಾಗಿದೆ ಎಂದು ತೋರಿಸಬೇಕು. ತುದಿಯೊಂದು ಯಾವುದೋ ಮಗುವಿನ ಅಂಗಿಯೊಳಗೆ ಉಳಿದು ಹೋದರೆ ಗತಿಯೇನು? ಮ್ಯಾನೇಜರು ಮೈಮೇಲೆ ಬಂದವರಂತೆ ಕೂಗಾಡಿದರೂ ಈಕೆ ಜಗ್ಗುತ್ತಿರಲಿಲ್ಲ. ಒಮ್ಮೆ ಒಬ್ಬಳು ಮುರಿದ ಸೂಜಿಯನ್ನು ಬಚ್ಚಿಟ್ಟು, ಹೊಸದನ್ನು ಸಿಕ್ಕಿಸಿ ಏನೂ ಆಗದವಳಂತೆ ಹೊಲಿಯುತ್ತಿದ್ದಳು. ಅವಳನ್ನು ಈಕೆಯೇ ನಿಂತ ಕಾಲಲ್ಲಿ ಸಾಲಿನಿಂದ ಎಬ್ಬಿಸಿ ಮನೆಗೆ ಕಳಿಸಿದ್ದರು. ಅವಳು ಅತ್ತದ್ದಕ್ಕೂ ಕರಗಿರಲಿಲ್ಲ.

ಕೆಲಸ ಬಿಟ್ಟ ಮೇಲೆ ಶುರುವಾಯಿತು ನೋಡಿ ಹುಚ್ಚು. ಗುಜರಿ ಅಂಗಡಿಯ ಮುಂದೆ ಹಾದು ಹೋಗುವಾಗ ಮುರುಕು ಸೈಕಲ್ಲುಗಳ ಅಡಿಯಲ್ಲಿ ಒಂದು ಹಳೆಯ ಹೊಲಿಗೆ ಮಷೀನು ಬಿದ್ದಿತ್ತು. ಸೂಪರ್‌ವೈಸರಮ್ಮ ಬಗ್ಗಿ ಅದರ ಚಕ್ರ ಮುಟ್ಟಿದರು. ತುಕ್ಕು ಹಿಡಿದಿದ್ದರೂ ಚಕ್ರ ಒಂದು ಕೂದಲೆಳೆಯಷ್ಟು ಅಲುಗಿತು. ಅಷ್ಟೇ ಸಾಕಾಯಿತು. ಅಂದಿನಿಂದ ಇಂದಿನವರೆಗೂ ಆಕೆಯ ಲೆಕ್ಕ ಅದೇ. ಕೂದಲೆಳೆಯಷ್ಟಾದರೂ ಅಲುಗುವ ಮಷೀನಿನಲ್ಲಿ ಜೀವವಿದೆ, ಅದನ್ನು ಬಿಟ್ಟು ಬರುವುದು ಪಾಪ. ಹೀಗೆ ಪಾಪಕ್ಕೆ ಹೆದರಿ ಹೆದರಿ ಹಿಂದಿನ ಕೋಣೆ ತುಂಬಿ ಹೋಗಿತ್ತು. ಕೈಯಲ್ಲಿ ತಿರುಗಿಸುವವು, ಕಾಲಲ್ಲಿ ತುಳಿಯುವವು, ಮರದ ಪೆಟ್ಟಿಗೆಯೊಳಗೆ ಕೂತವು, ಚಪ್ಪಲಿ ಹೊಲಿಯುವ ಉದ್ದ ಮೂತಿಯದು, ಮಕ್ಕಳ ಆಟಕ್ಕೆಂದು ಮಾಡಿದ ಅಂಗೈಯಗಲದ್ದು ಕೂಡ ಒಂದಿತ್ತು.

ಮೆಟ್ಟಿಲ ಮೇಲೆ ಅವನ್ನೆಲ್ಲ ಹೊತ್ತು ತರುವುದು ಯಜಮಾನರ ಪಾಲು. ಒಂದು ಕಾಲಕ್ಕೆ ಶಾಲೆಯ ಬಸ್ಸು ಓಡಿಸುತ್ತಿದ್ದ ಅವರ ಸೊಂಟ ಆಗಲೇ ಅರ್ಧ ಹೋಗಿತ್ತು. ಉಳಿದರ್ಧವನ್ನು ಈ ಕಬ್ಬಿಣಗಳು ತಿಂದವು ಎಂದು ಅವರು ಬಂದವರ ಮುಂದೆಲ್ಲ ಹೇಳುತ್ತಿದ್ದರು. ಮಷೀನುಗಳಿಗೆ ಅಡ್ಡಹೆಸರು ಇಟ್ಟವರೂ ಅವರೇ. ಎಷ್ಟು ಎಣ್ಣೆ ಕುಡಿದರೂ ಗೊಣಗುವ ಕಾಲ್ಮಷೀನಿಗೆ ‘ಅತ್ತೆ’, ದಾರ ಹಾಕಿದಷ್ಟೂ ಕಡಿಯುವುದಕ್ಕೆ ‘ಮೊಂಡಿ’.

“ಎಲ್ಲರೂ ಮನೆಗೆ ಸೊಸೆ ತರ್ತಾರೆ, ನೀನು ಈ ವಯಸ್ಸಲ್ಲಿ ಅತ್ತೆ ತಂದ್ಯಲ್ಲ” ಎಂದು ನಗುತ್ತಿದ್ದರು.

“ನಿಮಗಿಂತ ಕಡಿಮೆನೇ ಗೊಣಗುತ್ತೆ ಬಿಡ್ರೀ” ಎಂದು ಈಕೆ ಎಣ್ಣೆ ಬಿಡುತ್ತಿದ್ದರು.

ಮಷೀನುಗಳ ಸುತ್ತ ಅವುಗಳ ಸಂಸಾರ. ಬಿಸ್ಕತ್ತಿನ ಡಬ್ಬಿಗಳಲ್ಲಿ ಚಿಪ್ಪಿನ ಗುಂಡಿ, ಹಿತ್ತಾಳೆ ಗುಂಡಿ, ಬಟ್ಟೆ ಹೊದಿಸಿದ ಗುಂಡಿ. ಮರದ ಉರುಳೆಗೆ ಸುತ್ತಿದ ಹಳೆಯ ದಾರ, ಬಣ್ಣ ಮಾಸಿದ ಲೇಸು, ಕೊಕ್ಕೆಗಳು, ಬಟ್ಟೆ ಬಿಗಿದಿಡುವ ಕಸೂತಿಯ ಬಳೆಗಳು, ಗುರುತು ಹಾಕುವ ಸೀಮೆಸುಣ್ಣದ ಬಿಲ್ಲೆಗಳು. ಅಂಗಡಿ ಮುಚ್ಚಿದ ದರ್ಜಿಗಳ ಮನೆಯವರು “ಅಮ್ಮಾ, ಎಸೆಯೋಕೆ ಮನಸ್ಸು ಬರ್ಲಿಲ್ಲ” ಎಂದು ಚೀಲಗಟ್ಟಲೆ ತಂದುಕೊಡುತ್ತಿದ್ದರು. ಈಕೆ ಕೈಚಾಚಿ ತೆಗೆದುಕೊಳ್ಳುತ್ತಿದ್ದರು. ಬೇಡ ಎನ್ನುವ ಮಾತು ಆ ನಾಲಿಗೆಗೆ ಹೊಲಿಗೆ ವಿಷಯದಲ್ಲಿ ಬಂದದ್ದೇ ಇಲ್ಲ.

ಇಷ್ಟರ ಮಧ್ಯೆ ಮಗಳ ಮಗು ಬಂತು. ಮಗಳದ್ದು ಔಷಧ ಅಂಗಡಿಯಲ್ಲಿ ಕೆಲಸ. ಬಾಣಂತನದ ರಜೆ ಮುಗಿದಿತ್ತು, ಅಳಿಯ ಕೆಲಸದ ಮೇಲೆ ಊರೂರು ತಿರುಗುವವನು. ಮಗುವನ್ನು ಹಗಲು ಹೊತ್ತು ನೋಡಿಕೊಳ್ಳುವುದಾಗಿ ಸೂಪರ್‌ವೈಸರಮ್ಮ ಮೇಲೆ ಬಿದ್ದು ಕೇಳಿಕೊಂಡರು. ಮಗುವೆಂದರೆ ಆಕೆಗೆ ಪ್ರಾಣ. ಉರುಳುತ್ತಾ ಹೋಗುತ್ತಾಳೆಂದು ತಾತ ಅವಳಿಗೆ ‘ಉಂಡೆ’ ಎಂದು ಹೆಸರಿಟ್ಟಿದ್ದರು. ಆಗಷ್ಟೇ ಅಂಬೆಗಾಲು ಕಲಿತಿದ್ದ ಉಂಡೆಗೆ ನೆಲದ ಮೇಲೆ ಕಂಡದ್ದೆಲ್ಲ ತಿಂಡಿ.

ಮೊದಲ ದಿನವೇ ಮಗಳು ಹಿಂದಿನ ಕೋಣೆಯ ಬಾಗಿಲಲ್ಲಿ ನಿಂತು ಒಳಗೆಲ್ಲ ಕಣ್ಣಾಡಿಸಿದಳು. “ಅಮ್ಮ, ಮಗು ಎಚ್ಚರ ಇರುವಾಗ ಈ ಬಾಗಿಲು ತೆಗಿಬಾರ್ದು. ಒಂದ್ಸಲ ಏನಾದ್ರೂ ಆಯ್ತೋ, ನಾನು ಬೇರೆ ಕಡೆ ಬಿಡ್ತೀನಿ. ಆಮೇಲೆ ಅಳಬೇಡ.”

“ಸೂಜಿ ವಿಷಯ ನನಗೇ ಹೇಳಿಕೊಡ್ತೀಯೇನೇ?” ಎಂದು ಈಕೆ ನಕ್ಕಿದ್ದರು. ನಕ್ಕರೂ ಆ ಮಾತು ಎದೆಯೊಳಗೆ ಮುಳ್ಳಿನ ಹಾಗೆ ಕೂತಿತ್ತು. ರಾತ್ರಿ ಊಟದ ಹೊತ್ತಿಗೆ ಎರಡೆರಡು ಸಲ ಎದ್ದು ಹೋಗಿ ಚಿಲಕ ನೋಡಿ ಬಂದಿದ್ದರು.

ಕೆಲವು ವಾರ ಎಲ್ಲವೂ ಸರಿಯಾಗಿಯೇ ನಡೆಯಿತು. ಆಮೇಲೆ ಗುಜರಿಯವನು ಒಂದು ಕೈಮಷೀನು ತಂದುಕೊಟ್ಟ. ತೀರಾ ಹಳೆಯ ಕಾಲದ್ದು, ಕೆಳಗಿನ ದಾರ ಹಿಡಿಯುವ ಶಟಲ್ಲು ಪುಟ್ಟ ದೋಣಿಯ ಆಕಾರದಲ್ಲಿತ್ತು. ಅಂಥದ್ದು ಆಕೆಯ ಸಂಗ್ರಹದಲ್ಲಿ ಇರಲಿಲ್ಲ. ಎಣ್ಣೆ ಬಿಟ್ಟು, ಒರೆಸಿ, ತುಕ್ಕು ಬಿಡಿಸಿ ಇಟ್ಟಾಗಿತ್ತು. ಇನ್ನುಳಿದದ್ದು ಒಂದೇ, ಅದು ಹೊಲಿಯುತ್ತದೋ ಇಲ್ಲವೋ ನೋಡುವುದು.

ಅಂದು ಬೆಳಗಿನ ಕೆಲಸ ಮುಗಿದಿತ್ತು. ಉಂಡೆ ಮುಂದಿನ ಕೋಣೆಯಲ್ಲಿ ಹಾಸಿಗೆಯ ಮೇಲೆ ನಿದ್ದೆ ಹೋಗಿದ್ದಳು. ಯಜಮಾನರು ಪೇಪರ್ ಓದಲು ಲೈಬ್ರರಿಗೆ ಹೋಗಿದ್ದರು. ಎರಡೇ ಎರಡು ಹೊಲಿಗೆ ಹಾಕಿ ನೋಡಿ ಎದ್ದು ಬಿಡೋಣ ಎಂದು ಸೂಪರ್‌ವೈಸರಮ್ಮ ಹಿಂದಿನ ಕೋಣೆಗೆ ಹೋದರು. ಬಾಗಿಲು ಹಾಕಿಕೊಂಡರೆ ಮಗು ಎದ್ದದ್ದು ಕೇಳಿಸುವುದಿಲ್ಲವಲ್ಲ, ಅದಕ್ಕೆ ಒಂದು ಗೇಣು ತೆರೆದೇ ಇಟ್ಟರು. ಜಾಗರೂಕತೆಯಿಂದಲೇ ಮಾಡಿದ ಎಡವಟ್ಟು ಅದು.

ಇನ್ನೊಂದು ಎಡವಟ್ಟೂ ಕಾದಿತ್ತು. ಅಂಥ ಹಳೆಯ ಮಷೀನಿಗೆ ಈಗಿನ ಸೂಜಿ ಅಳತೆ ತಪ್ಪುತ್ತದೆ. ಹಾಕಲೇಬೇಕಾದರೆ, ಚಕ್ರವನ್ನು ಬೆರಳಲ್ಲಿ ಮೆಲ್ಲಗೆ ಒಂದು ಸುತ್ತು ತಿರುಗಿಸಿ, ಸೂಜಿ ಕೆಳಗೆ ಎಲ್ಲೂ ತಾಗುತ್ತಿಲ್ಲವೆಂದು ನೋಡಿಕೊಳ್ಳಬೇಕು. ಹೊಸಬರಿಗೆಲ್ಲ ಈ ಪಾಠ ಹೇಳುತ್ತಿದ್ದವರೇ ಈಕೆ. ಆದರೆ ಮಗು ಎದ್ದೀತೆಂಬ ಅವಸರ. ಹಳೇ ಬಟ್ಟೆಯ ಚೂರೊಂದನ್ನು ಎಡಗೈಯಲ್ಲಿ ಒತ್ತಿ ಹಿಡಿದು, ಬಲಗೈಯಲ್ಲಿ ಹಿಡಿಕೆಯನ್ನು ಗರ್ರನೆ ತಿರುಗಿಸಿಯೇ ಬಿಟ್ಟರು. ಟಕ್ ಎಂದಿತು. ಸೂಜಿ ಶಟಲ್ಲಿಗೆ ಬಡಿದು ಮುರಿಯಿತು. ಎಡಗೈಯ ತೋರುಬೆರಳಿಗೂ ಚುಚ್ಚಿ, ಒಂದು ಹನಿ ರಕ್ತ ಬಂತು. ಬೆರಳು ಬಾಯಿಗಿಟ್ಟು ಚೀಪಿ, ಬಟ್ಟೆಯ ಚಿಂದಿ ಸುತ್ತಿಕೊಂಡರು. ಆ ಕೈಗೆ ಸೂಜಿ ಚುಚ್ಚುವುದೇನು ಹೊಸದೇ?

ಕಣ್ಣು ಆಗಲೇ ತುಂಡುಗಳನ್ನು ಹುಡುಕುತ್ತಿತ್ತು. ಮೇಲಿನ ದಪ್ಪ ತುಂಡು ಮಷೀನಿನಲ್ಲೇ ಕಚ್ಚಿಕೊಂಡಿತ್ತು. ನಡುವಿನದು ಬಟ್ಟೆಯ ಮೇಲೆ ಬಿದ್ದಿತ್ತು. ತುದಿ ಇಲ್ಲ. ಬಟ್ಟೆ ಕೊಡವಿದರು, ಶಟಲ್ಲು ಹೊರತೆಗೆದು ನೋಡಿದರು, ಮಷೀನನ್ನೇ ಮಗುಚಿ ನೋಡಿದರು. ತುದಿ ಇಲ್ಲ. ಮೊಣಕಾಲೂರಿ ಮೇಜಿನ ಕೆಳಗೆ ತಲೆ ಹಾಕಿದಾಗ ಎರಡು ಪುಟ್ಟ ಕಣ್ಣುಗಳು ಅಲ್ಲಿಂದ ಆಕೆಯನ್ನೇ ನೋಡುತ್ತಿದ್ದವು. ಉಂಡೆ ಯಾವಾಗಲೋ ಎದ್ದು, ಬಾಗಿಲ ಸಂದಿಯಿಂದ ನುಸುಳಿ ಬಂದು, ಮೇಜಿನಾಚೆಯ ‘ಅತ್ತೆ’ಯ ಕಬ್ಬಿಣದ ಕಾಲುಗಳ ನಡುವೆ ಕೂತು ಏನನ್ನೋ ಜಗಿಯುತ್ತಿದ್ದಳು.

ಸೂಪರ್‌ವೈಸರಮ್ಮ ಮಗುವನ್ನು ಎಳೆದುಕೊಂಡು ಬಾಯೊಳಗೆ ಬೆರಳು ಹಾಕಿ ತಿರುವಿದರು. ಸಿಕ್ಕಿದ್ದು ಒದ್ದೆಯಾದ ಲೇಸಿನ ಚೂರು. ಅದರ ಜೊತೆ ಇನ್ನೇನಾದರೂ ಒಳಗೆ ಹೋಗಿದ್ದರೆ? ಮಗು ಕಿಟಾರನೆ ಕಿರುಚಿಕೊಂಡಿತು. ಬೆರಳು ಹಾಕಿದ್ದಕ್ಕೋ, ಗಂಟಲಲ್ಲಿ ಏನೋ ಚುಚ್ಚುತ್ತಿದ್ದುದಕ್ಕೋ, ಯಾರು ಹೇಳಬೇಕು?

ಯಜಮಾನರು ಬಂದಾಗ ಮಗು ಅಜ್ಜಿಯ ಬೆನ್ನಿಗೆ ಕಟ್ಟಿದ ಸೀರೆಯ ಜೋಲಿಯಲ್ಲಿ ಬಿಕ್ಕುತ್ತಿತ್ತು. ಹೆಂಡತಿ ನೆಲದ ಮೇಲೆ ಆಯಸ್ಕಾಂತ ಹಿಡಿದು ತೆವಳುತ್ತಿದ್ದರು.

“ಏನ್ ಬಿತ್ತು?”

“ಏನಿಲ್ಲ.”

“ಏನಿಲ್ಲದ್ದನ್ನ ಯಾರಾದ್ರೂ ಆಯಸ್ಕಾಂತ ಹಿಡ್ಕೊಂಡು ಹುಡುಕ್ತಾರಾ?”

ಆಕೆ ಹೇಳಿದರು. ಯಜಮಾನರ ಮುಖದ ನಗು ಮಾಯವಾಯಿತು. “ಮಗಳಿಗೆ ಫೋನ್ ಮಾಡು.”

“ಸ್ವಲ್ಪ ತಡೀರಿ. ಸಿಗುತ್ತೆ.”

“ಸಿಗದೇ ಇದ್ರೆ?”

“ಸಿಗುತ್ತೆ ಅಂದ್ನಲ್ಲ!”

ಆಯಸ್ಕಾಂತಕ್ಕೆ ಗುಂಡುಪಿನ್ನುಗಳು ಅಂಟಿದವು, ಕೊಕ್ಕೆಗಳು ಅಂಟಿದವು, ಎಂದೋ ಕಳೆದುಹೋದ ಪುಟ್ಟ ತಿರುಪೊಂದು ಅಂಟಿತು. ಬೇಕಾದದ್ದೊಂದು ಬಿಟ್ಟು ಇನ್ನೆಲ್ಲ ಸಿಕ್ಕಿತು. ಬೆರಳು ಚುರುಚುರು ಎನ್ನುತ್ತಿತ್ತು. ಅದರ ಕಡೆ ನೋಡುವ ವ್ಯವಧಾನ ಯಾರಿಗಿತ್ತು? ಎದೆಯೊಳಗೆ ಎರಡು ಹೆದರಿಕೆಗಳು ಕಚ್ಚಾಡುತ್ತಿದ್ದವು. ಮಗು ನುಂಗಿಬಿಟ್ಟಿದ್ದರೆ ಎನ್ನುವುದು ಒಂದು. ಮಗಳಿಗೆ ಗೊತ್ತಾದರೆ ಮಗುವನ್ನು ಕರೆದುಕೊಂಡು ಹೋಗಿಬಿಡುತ್ತಾಳೆ ಎನ್ನುವುದು ಇನ್ನೊಂದು. ನಾಚಿಕೆಯ ಸಂಗತಿಯೆಂದರೆ ಎರಡನೆಯದರ ದನಿಯೇ ದೊಡ್ಡದಾಗಿತ್ತು. ಇಗೋ ಇನ್ನೊಂದು ಮೂಲೆ, ಇಗೋ ಇನ್ನೊಂದು ಡಬ್ಬಿ ಎಂದು ಆಕೆ ಫೋನನ್ನು ಮುಂದೂಡುತ್ತಲೇ ಹೋದರು.

ಮಧ್ಯಾಹ್ನ ಹಾಲು ಕುಡಿಸಿದರೆ ಉಂಡೆ ಕುಡಿದದ್ದನ್ನೆಲ್ಲ ಕಕ್ಕಿಬಿಟ್ಟಳು. ಕಕ್ಕಿದ ಹಾಲಿನಲ್ಲಿ ರಕ್ತವಿದೆಯೇ ಎಂದು ಸೂಪರ್‌ವೈಸರಮ್ಮ ಬಗ್ಗಿ ನೋಡಿದರು. ಇರಲಿಲ್ಲ. ಕಾಣಲಿಲ್ಲವೋ ಏನೋ. ಆಗ ಫೋನೆತ್ತಿದರು. ಆ ಕಡೆಯಿಂದ ಮಗಳು “ಹೇಳಮ್ಮ” ಎಂದದ್ದಕ್ಕೆ ಈಕೆ “ಊಟ ಆಯ್ತೇನೇ?” ಎಂದರು. ಫೋನು ಕಸಿದುಕೊಂಡು ಯಜಮಾನರೇ ಹೇಳಬೇಕಾಯಿತು.

ಬೀದಿ ಕೊನೆಯ ಆಸ್ಪತ್ರೆಗೆ ಇಬ್ಬರೂ ಓಡಿದರು. ಎಕ್ಸ್‌ರೇ ಕೋಣೆಯವನು ಇಬ್ಬರಿಗೂ ಭಾರದ ಏಪ್ರನ್ ತೊಡಿಸಿ, “ಅಜ್ಜಿ, ಮಗು ಕೈ ಎರಡೂ ತಲೆ ಪಕ್ಕಕ್ಕೆ ಎತ್ತಿ ಹಿಡ್ಕೊಳ್ಳಿ. ಅಜ್ಜ ಕಾಲು ಹಿಡ್ಕೊಳ್ಳಲಿ. ಅಲುಗಬಾರ್ದು” ಎಂದ. ಉಂಡೆ ಇಡೀ ಆಸ್ಪತ್ರೆಗೆ ಕೇಳುವ ಹಾಗೆ ಅರಚಿದಳು. ಈಕೆ ಆ ಪುಟ್ಟ ಮಣಿಕಟ್ಟುಗಳನ್ನು ಹಿಡಿದು, ಕಣ್ಣು ಮುಚ್ಚಿಕೊಂಡು, ಯಾವ ದೇವರೋ ಗೊತ್ತಿಲ್ಲದೆ ಎಲ್ಲ ದೇವರನ್ನೂ ಕರೆದರು.

ಡಾಕ್ಟರ ಕೋಣೆಯಲ್ಲಿ ಪರದೆಯ ಮೇಲೆ ಚಿತ್ರ ಮೂಡುವ ಹೊತ್ತಿಗೆ ಮಗಳು ಏದುಸಿರು ಬಿಡುತ್ತಾ ಒಳಗೆ ಬಂದಳು. ಯಾರ ಮುಖವನ್ನೂ ನೋಡದೆ ಮಗುವನ್ನು ತಾಯಿಯ ಕೈಯಿಂದ ತೆಗೆದುಕೊಂಡಳು. ಡಾಕ್ಟರಮ್ಮ ಹೊಟ್ಟೆ ನೋಡಿದರು, ಎದೆ ನೋಡಿದರು, ಗಂಟಲು ನೋಡಿದರು. “ಇಲ್ಲೆಲ್ಲ ಏನೂ ಇಲ್ಲ” ಎಂದರು. ಸೂಪರ್‌ವೈಸರಮ್ಮ ಉಸಿರು ಬಿಡುವಷ್ಟರಲ್ಲಿ ಅವರೇ, “ತಡೀರಿ. ಸೂಜಿ ಇದೆ. ಇಲ್ಲಿ, ಕೈ ಹತ್ರ” ಎಂದುಬಿಟ್ಟರು.

ಬೆಳ್ಳಗೆ, ಚೂಪಾಗಿ, ಅಕ್ಕಿಕಾಳಿನಷ್ಟು ಉದ್ದದ ಗೆರೆ. ಸೂಜಿಯ ತುದಿಯೇ, ಅನುಮಾನವೇ ಇಲ್ಲ. ಮಗಳು ಗೋಡೆಗೆ ಒರಗಿದಳು.

ಡಾಕ್ಟರಮ್ಮ ಚಿತ್ರವನ್ನು ದೊಡ್ಡದು ಮಾಡಿ ಹುಬ್ಬು ಗಂಟಿಕ್ಕಿ ನೋಡಿದರು. ಆಮೇಲೆ ಕುರ್ಚಿ ತಿರುಗಿಸಿದರು. “ಮೂಳೆ ನೋಡಿ, ಎಷ್ಟು ದಪ್ಪ ಇದೆ. ಇದು ಮಗು ಬೆರಳಲ್ಲ. ಅಜ್ಜಿ, ಎಲ್ಲಿ, ನಿಮ್ಮ ಎಡಗೈ ಕೊಡಿ.”

ಚಿಂದಿ ಬಿಚ್ಚಿದರೆ ತೋರುಬೆರಳಿನ ತುದಿ ಕೆಂಪಗೆ ಊದಿತ್ತು. ಹೊಲಿದು ಹೊಲಿದು ಗಟ್ಟಿಯಾದ ಚರ್ಮದ ಕೆಳಗೆ ಸೂಜಿಯ ತುದಿ ನೆಮ್ಮದಿಯಾಗಿ ಕೂತಿತ್ತು. ಮನೆಯೆಲ್ಲ ಆಯಸ್ಕಾಂತ ಆಡಿಸಿದವರು ತಮ್ಮ ಕೈಯೊಂದನ್ನು ಬಿಟ್ಟಿದ್ದರು. ಡಾಕ್ಟರಮ್ಮ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಅದನ್ನು ಚಿಮುಟದಲ್ಲಿ ಎಳೆದು ತೆಗೆದರು. ಮಗುವಿಗೆ ಹಲ್ಲು ಬರುತ್ತಿದೆ, ಅತ್ತೂ ಅತ್ತೂ ಹಾಲು ಕಕ್ಕಿದೆ, ಗಾಬರಿ ಬೇಡ ಎಂದರು. ಯಜಮಾನರು “ಇನ್ಮೇಲೆ ನಿನಗೂ ಎಣ್ಣೆ ಬಿಡ್ಬೇಕು” ಎಂದು ನಗಿಸಲು ನೋಡಿದರು. ಯಾರೂ ನಗಲಿಲ್ಲ.

ಹೊರಗಿನ ಬೆಂಚಿನ ಮೇಲೆ ಮಗಳು ಮೊದಲ ಸಲ ತಾಯಿಯ ಕಡೆ ತಿರುಗಿದಳು. “ಸೂಜಿ ಯಾವಾಗ ಮುರೀತು?”

“ಬೆಳಗ್ಗೆ.”

“ನನಗೆ ಹೇಳಿದ್ದು ಮಧ್ಯಾಹ್ನ. ಅಲ್ಲೀವರೆಗೂ ಏನ್ ಮಾಡ್ತಿದ್ದೆ?”

“ಹುಡುಕ್ತಿದ್ದೆ.”

“ಅವಳು ನುಂಗೇ ಇದ್ದಿದ್ರೆ? ಆಗ್ಲೂ ಹುಡುಕ್ತಾನೇ ಕೂತಿರ್ತಿದ್ಯಾ?”

ಮಗಳು ಮಗುವನ್ನು ಹೆಗಲಿಗೆ ಹಾಕಿಕೊಂಡು ಆಟೋ ಹತ್ತಿದಳು. ಹೋಗುವಾಗ ಅಪ್ಪನಿಗೆ ಮಾತ್ರ ತಲೆಯಾಡಿಸಿದಳು.

ಮರುದಿನ ಮಗು ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಪಕ್ಕದ ಬೀದಿಯ ಶಿಶುವಿಹಾರದಲ್ಲಿ ವಿಚಾರಿಸಿದ್ದಾಳಂತೆ ಎಂದು ಯಜಮಾನರು ಮೆಲ್ಲಗೆ ಸುದ್ದಿ ಹಾಕಿದರು. ಸೂಪರ್‌ವೈಸರಮ್ಮ ಊಟಕ್ಕೆ ಕೂತರೆ ತುತ್ತು ಇಳಿಯದು, ಮಲಗಿದರೆ ಕಣ್ಣು ಮುಚ್ಚದು. ಹಿಂದಿನ ಕೋಣೆಯ ಕಡೆ ತಲೆ ಹಾಕಲಿಲ್ಲ. ಎಂದೋ ತಾವು ಸಾಲಿನಿಂದ ಎಬ್ಬಿಸಿ ಕಳಿಸಿದವಳ ಮುಖ ಅಡುಗೆಮನೆಯಲ್ಲಿ, ಬಚ್ಚಲಲ್ಲಿ, ಎಲ್ಲೆಂದರಲ್ಲಿ ಎದುರಿಗೆ ಬಂದು ನಿಲ್ಲುತ್ತಿತ್ತು. ಅವಳೂ ಕೆಲಸ ಹೋದೀತೆಂದು ಹೆದರಿಯೇ ಬಚ್ಚಿಟ್ಟಿರಬೇಕು. ಅಂದು ಅದು ಹೊಳೆದಿರಲಿಲ್ಲ. ಇಂದು ಅರ್ಥವಾಯಿತು. ಆದರೂ ಕಳಿಸಿದ್ದು ತಪ್ಪೆಂದು ಹೇಳಲು ಮನಸ್ಸು ಒಪ್ಪುತ್ತಿರಲಿಲ್ಲ. ಅದೇ ಕಷ್ಟವಾಗಿದ್ದದ್ದು.

ರಜೆಯ ದಿನ ಆಕೆ ಒಬ್ಬರೇ ಮಗಳ ಮನೆಗೆ ಹೋದರು. ಹಿಂದಿನ ಕೋಣೆಗೆ ಬೀಗ ಜಡಿದು ಬೀಗದ ಕೈಯನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು ಬಂದಿದ್ದರು. ಅದನ್ನು ಬಿಚ್ಚಿ ಮಗಳ ಮುಂದಿಟ್ಟರು.

“ಸಂಜೆ ನೀನು ಬಂದಾಗ ನೀನೇ ತೆಗಿ. ನೀನಿದ್ರೆ ನಾನು ಒಳಗೆ ಹೋಗ್ತೀನಿ, ಇಲ್ದಿದ್ರೆ ಇಲ್ಲ” ಎಂದರು. ಆಮೇಲೆ ತಲೆ ತಗ್ಗಿಸಿ, “ನಾನು ಮುಚ್ಚಿಡೋಕೇ ನೋಡ್ದೆ ಕಣೇ. ನೀನು ಅವಳನ್ನ ಕರ್ಕೊಂಡು ಹೋಗ್ಬಿಡ್ತೀಯ ಅಂತ ಭಯ ಆಯ್ತು. ಮಗುಗಿಂತ ನನ್ನ ಭಯನೇ ದೊಡ್ಡದಾಗೋಯ್ತು” ಎಂದರು.

ಮಗಳು ಬೀಗದ ಕೈಯನ್ನು ಎತ್ತಿಕೊಂಡಳು. “ನನಗೂ ಭಯ ಅಮ್ಮ. ಅಂಗಡೀಲಿ ಫೋನ್ ಹೊಡ್ಕೊಂಡ್ರೆ ಸಾಕು, ಎದೆ ಧಸಕ್ ಅನ್ನುತ್ತೆ” ಎಂದಳು. ಕಡೆಗೆ, “ಸೋಮವಾರ ಕರ್ಕೊಂಡು ಬರ್ತೀನಿ. ಒಂದು ವಾರ ನೋಡೋಣ. ಏನೇ ಆದ್ರೂ ಮೊದಲು ನನಗೆ ಹೇಳ್ಬೇಕು. ಇನ್ನೊಂದ್ಸಲ ತಡ ಮಾಡಿದ್ರೆ ಮಾತಿಲ್ಲ, ಶಿಶುವಿಹಾರಾನೇ” ಎಂದಳು.

ಆ ಸೋಮವಾರ ಸೂಪರ್‌ವೈಸರಮ್ಮ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಮಗುವಿನ ಹಿಂದೆ ಹಿಂದೆಯೇ ತಿರುಗಿದರು. ನೆಲ ಗುಡಿಸಿದ್ದನ್ನೇ ಮತ್ತೆ ಗುಡಿಸಿದರು. ಯಜಮಾನರು ಚಪ್ಪಲಿ ಬಿಟ್ಟ ಜಾಗವನ್ನೂ ತಪಾಸಣೆ ಮಾಡಿದರು. ಅಷ್ಟಾದರೂ, ಹಾಲಿನ ಬಟ್ಟಲು ತರಲು ಅತ್ತ ತಿರುಗಿದ ಒಂದೇ ಗಳಿಗೆಯಲ್ಲಿ ಉಂಡೆ ಕುರ್ಚಿ ಹಿಡಿದು ಎದ್ದು ನಿಂತಳು, ತಾನು ನಿಂತದ್ದಕ್ಕೆ ತಾನೇ ಬೆರಗಾಗಿ ಕೈ ಬಿಟ್ಟಳು, ದೊಪ್ಪನೆ ಕೂತುಕೊಂಡು ಹಿಂದಕ್ಕೆ ವಾಲಿ ತಲೆಯನ್ನು ನೆಲಕ್ಕೆ ಬಡಿಸಿಕೊಂಡಳು. ಒಂದು ಕ್ಷಣ ಬಾಯಿ ತೆರೆದು ದನಿ ಬರದೆ ಹಾಗೇ ಇದ್ದು, ಆಮೇಲೆ ಸೂರು ಹಾರುವಂತೆ ಅತ್ತಳು.

ಇದನ್ನು ಹೇಳಿದರೆ ಮುಗಿಯಿತು, ನಾಳೆಯಿಂದ ಮಗು ಬರುವುದಿಲ್ಲ. ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ತಾತನೂ ಮನೆಯಲ್ಲಿಲ್ಲ. ಕೈ ಮಾತ್ರ ಆಗಲೇ ಫೋನನ್ನು ಒತ್ತುತ್ತಿತ್ತು.

“ಬಿದ್ಲು ಕಣೇ! ಕುರ್ಚಿ ಹಿಡ್ಕೊಂಡು ನಿಂತಿದ್ಲು, ಹಿಂದಕ್ಕೆ ಬಿದ್ಲು, ತಲೆಗೆ ಏಟಾಯ್ತು. ನಾನು ಆ ಕಡೆ ತಿರುಗಿದ್ದೆ, ತಪ್ಪು ನಂದೇ. ರಕ್ತ ಇಲ್ಲ. ಅಳ್ತಿದಾಳೆ.”

“ಜೋರಾಗಿ ಅಳ್ತಿದಾಳಾ? ಅದು ಒಳ್ಳೇದೇ. ಎತ್ಕೊಂಡಿದೀಯಾ?”

“ಇಲ್ಲ. ಈಗಷ್ಟೇ ಬಿದ್ಲು. ಮೊದಲು ನಿನಗೇ ಹೇಳ್ಬೇಕಲ್ಲ ಅಂತ...”

ಆ ಕಡೆ ಹಣೆ ಚಚ್ಚಿಕೊಂಡ ಸದ್ದು ಕೇಳಿಸಿತು.

“ಅಯ್ಯೋ ಅಮ್ಮಾ! ಫೋನ್ ಬಿಸಾಕು, ಮೊದಲು ಮಗೂನ ಎತ್ಕೋ!”

ಸೂಪರ್‌ವೈಸರಮ್ಮ ಫೋನನ್ನು ನಿಜವಾಗಿಯೂ ಬಿಸಾಕಿದರು. ಮಗುವನ್ನು ಬಾಚಿ ಎದೆಗೆ ಒತ್ತಿಕೊಂಡು, ತಲೆ ನೇವರಿಸುತ್ತಾ, ಅದಕ್ಕಿಂತ ಜೋರಾಗಿ ತಾವೇ ಅತ್ತರು. ಅಜ್ಜಿ ಅಳುವುದನ್ನು ಕಂಡು ಉಂಡೆ ತನ್ನ ಅಳು ನಿಲ್ಲಿಸಿ, ಒದ್ದೆ ಕೈಯಲ್ಲಿ ಆಕೆಯ ಮೂಗು ಹಿಡಿದಳು.

ನೆಲದ ಮೇಲೆ ಬಿದ್ದಿದ್ದ ಫೋನಿನಿಂದ ಮಗಳ ದನಿ ಬರುತ್ತಲೇ ಇತ್ತು. “ಎತ್ಕೊಂಡ್ಯಾ? ಅಳ್ಬೇಡ ಅಮ್ಮ. ಮಕ್ಕಳು ಬೀಳ್ತಾವೆ. ಸಂಜೆ ಬರ್ತೀನಿ, ಅಲ್ಲೀವರೆಗೂ ಅವಳು ನಿನ್ನ ಹತ್ರನೇ ಇರ್ಲಿ. ನಾಳೆನೂ.”